ದಪ್ಪ ಕಂಬಕ್ಕೆ ತೂತು ಹೊಡೆಯಲು ಯಾವ ಉಳಿ ಬೇಕು?



ಸೂಳೆಕೆರೆ ಕಡೆಯಿಂದ ಮಳೆಗಾಳಿ ಬೀಸಿದರೆ ಮೊದಲು ಅಲ್ಲಾಡುವುದು ನಮ್ಮ ದನದ ಕೊಟ್ಟಿಗೆ. ಈ ಸಲ ಅದರ ನಡುಗಂಬದ ಬುಡವನ್ನು ಗೆದ್ದಲು ತಿಂದುಬಿಟ್ಟಿತ್ತು. ಎಮ್ಮೆ ಬೇರೆ ಗಬ್ಬ. ಮಳೆ ಹಿಡಿಯುವುದರೊಳಗೆ ಕಂಬ ನಿಲ್ಲಿಸಲೇಬೇಕಿತ್ತು. ಹಳೇ ಮನೆ ಕೆಡವಿದಾಗ ಉಳಿದ ಮತ್ತಿ ಮರದ ಕಂಬ ಒಂದೇ ಒಂದು ನಮ್ಮಲ್ಲಿತ್ತು. ಚೌಕ, 8 ಇಂಚು ದಪ್ಪ. ಅದು ಕೆಟ್ಟರೆ ಇನ್ನೊಂದು ಕೊಳ್ಳಲು ಅಪ್ಪನ ಹತ್ತಿರ ದುಡ್ಡಿರಲಿಲ್ಲ. ಅದಕ್ಕೆ ತೂತು ಮಾಡುವಾಗ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೊಯ್ದು, ಕಂಬದಲ್ಲಿ ಅದೇ ಅಳತೆಯ ತೂತು ಮಾಡಿ ಅದರೊಳಗೆ ತೂರಿಸುತ್ತಾರೆ. ಮೊಳೆ ಬೇಡ. ಎತ್ತಿನ ಗಾಡಿಯ ಗುಂಬಕ್ಕೆ ಅರ ಕೂರಿಸುವುದೂ ಇದೇ ವಿದ್ಯೆ. ತೂತಿನ ಅಗಲ ಕಂಬದ ದಪ್ಪದ ಮೂರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ನಮ್ಮದು 2 ಇಂಚು ಅಗಲ, 6 ಇಂಚು ಉದ್ದ, ಆರುಪಾರು. ಆ 6 ಇಂಚು ಕಂಬದ ಉದ್ದಕ್ಕೇ ಇರಬೇಕು. ಅಡ್ಡ ಹೊಡೆದರೆ 8 ಇಂಚಿನಲ್ಲಿ 6 ಇಂಚಿನ ನಾರು ಕಡಿದು ಹೋಗುತ್ತದೆ, ಕಂಬ ಅಲ್ಲೇ ಮುರಿಯುತ್ತದೆ.

ಚಿಕ್ಕಪ್ಪ ಬಾಡಿಗೆಗೆ ಡ್ರಿಲ್ ಮಿಷನ್ ತಂದರು. "ಅರ್ಧ ಗಂಟೆ ಕೆಲಸ" ಅಂದರು. ಅಜ್ಜ ಸುಮ್ಮನೆ ನೋಡುತ್ತಾ ಕೂತಿದ್ದರು. (ನಮ್ಮ ಅಜ್ಜ ಬಡಗಿ. ಈಗ ಕೈ ನಡುಗುತ್ತದೆ.) ಬಿಟ್ಟು ಒಂದು ಇಂಚಿನದು, ತುದಿ ಚಪ್ಪಟೆ. ಬಾಗಿಲಿನ ಹಲಗೆಗೆ ಅದು ಚೆನ್ನಾಗಿದೆ. ಆದರೆ ಮತ್ತಿ ಗಟ್ಟಿ ಮರ. ಆಳಕ್ಕೆ ಹೋದ ಹಾಗೆ ಬಿಟ್ಟು ನಾರಿನ ಜೊತೆ ಪಕ್ಕಕ್ಕೆ ಜಾರಿತು. ಹೊಟ್ಟು ಹೊರಗೆ ಬರದೆ ಒಳಗೇ ಸಿಕ್ಕಿ ಮಿಷನ್ ಗಕ್ಕನೆ ನಿಂತು ಚಿಕ್ಕಪ್ಪನ ಮಣಿಕಟ್ಟು ತಿರುಚಿತು. ಒಂದೇ ಕಡೆಯಿಂದ ಕೊರೆದಿದ್ದರಿಂದ ಆ ಕಡೆ ತೂತು ಮುಕ್ಕಾಲು ಇಂಚು ಸರಿದು ಬಂತು. ಗೆರೆ ದಾಟಿತ್ತು. ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಗ ಅಜ್ಜ "ಮರಿ, ಅಟ್ಟದ ಮೇಲೆ ಗೋಣಿಚೀಲ ಐತೆ, ತಗಂಬಾ" ಅಂದರು. ಅಪ್ಪ ಎರಡು ಸಲ ಗುಜರಿಗೆ ಹಾಕಲು ಹೊರಟಿದ್ದ ಚೀಲ ಅದು!

ಮೊದಲು ಮೂಲೆಮಟ್ಟ ಇಟ್ಟು ಗೆರೆಯನ್ನು ಕಂಬದ ಸುತ್ತ ತಿರುಗಿಸಿ ಎರಡೂ ಮುಖಕ್ಕೆ ಎಳೆದೆವು. ಆಮೇಲೆ ಬೈರಿಗೆ. ಇದಕ್ಕೆ ಮೇಲೆ ಅಡ್ಡ ಹಿಡಿ, ತುದಿಯಲ್ಲಿ ಸ್ಕ್ರೂ ಇದೆ. ಸ್ಕ್ರೂ ತಾನೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ಸುರುಳಿ ಹೊಟ್ಟನ್ನು ಮೇಲೆ ತರುತ್ತದೆ. ಅಜ್ಜನದು ಒಂದೂವರೆ ಇಂಚಿನದು. 2 ಇಂಚಿನ ತೂತಿಗೆ ಎರಡೂ ಪಕ್ಕ ಕಾಲು ಇಂಚು ಉಳಿಯುತ್ತದೆ, ಅದನ್ನು ಉಳಿಗೆ ಬಿಡಬೇಕು. ಸಾಲಾಗಿ ಮೂರು ತೂತು. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ. ಹೀಗೆ ಮಾಡಿದರೆ ಸ್ವಲ್ಪ ತಪ್ಪಿದರೂ ತಪ್ಪು ಕಂಬದ ಹೊಟ್ಟೆಯಲ್ಲೇ ಉಳಿಯುತ್ತದೆ, ಗೆರೆ ಕೆಡುವುದಿಲ್ಲ.

ಉಳಿಗಳು ಐದಿದ್ದವು. ನಾನು 2 ಇಂಚಿನದನ್ನು ತೆಗೆದೆ. ತೂತು 2 ಇಂಚು ಅಲ್ಲವೇ? ಅಜ್ಜ ನಕ್ಕು, "ಅಷ್ಟು ಅಗಲದ್ದು ಒಂದೇ ಏಟಿಗೆ ಮತ್ತೀಗೆ ಇಳೀತೈತೇನು?" ಅಂದು 1 ಇಂಚಿನ ದಪ್ಪ ಬೆನ್ನಿನ ಉಳಿ ಕೊಟ್ಟರು. ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟದ್ದಂತೆ. ಚಕ್ಕೆಯನ್ನು ಮೀಟಿ ತೆಗೆಯುವಾಗ ತೆಳ್ಳನೆಯ ಉಳಿಯಾದರೆ ಟಣ್ ಎಂದು ಮುರಿಯುತ್ತದೆ. ಬಾಯಿಯನ್ನೂ ತೀರಾ ತೆಳ್ಳಗೆ ಮಸೆಯಬಾರದು, ಗಟ್ಟಿ ಮರಕ್ಕೆ ಚಿಪ್ಪೆದ್ದು ಹೋಗುತ್ತದೆ. ಹೊಡೆಯಲು ಮರದ ಕೊಡತಿಯೇ ಆಗಬೇಕು, ಕಬ್ಬಿಣದ ಸುತ್ತಿಗೆ ಹಿಡಿಯನ್ನು ಸೀಳುತ್ತದೆ. 2 ಇಂಚಿನ ಅಗಲ ಉಳಿ ಕೊನೆಯಲ್ಲಿ ಬಂತು, ಪಕ್ಕದ ಗೋಡೆಗಳನ್ನು ಕೈಯಿಂದಲೇ ಒತ್ತಿ ನುಣ್ಣಗೆ ಮಾಡಲು.

ಅಜ್ಜ ಉಳಿ ಹಿಡಿದು ತೋರಿಸಿದರು, ನಾನು ಕೊಡತಿಯಿಂದ ಹೊಡೆದೆ. ಗೆರೆಯ ಹತ್ತಿರ ಹೊಡೆಯುವಾಗ ಅಜ್ಜನ ಕೈ ನಡುಗಲಿಲ್ಲ. ಇದು ಹೇಗೆಂದು ನನಗೆ ತಿಳಿಯದು. ಒಂದೂವರೆ ದಿನ ಹಿಡಿಯಿತು. ನನ್ನ ಅಂಗೈಯಲ್ಲಿ ನಾಲ್ಕು ಬೊಬ್ಬೆ.

ಪೇಟೆಯ ಕೆಲವು ಕಾರ್ಖಾನೆಗಳಲ್ಲಿ ಚೌಕ ಉಳಿಯೊಳಗೆ ಬೈರಿಗೆ ತಿರುಗುವ ಮಿಷನ್ ಇರುತ್ತದೆ. ಅದಕ್ಕೆ ಮರವನ್ನು ಎತ್ತಿ ಮಿಷನ್ ಮೇಲೆ ಇಡಬೇಕು. ನಮ್ಮ ಕಂಬವನ್ನು ಎತ್ತಲು ನಾಲ್ಕು ಜನ ಬೇಕು! ಹೊರದೇಶಗಳಲ್ಲಿ ಮರದ ಮನೆ ಕಟ್ಟುವವರು ಸರಪಳಿ ಹಲ್ಲಿನ ಮಿಷನ್ನನ್ನು ಕಂಬದ ಮೇಲೆಯೇ ಕೂರಿಸಿ ತೂತು ತೆಗೆಯುತ್ತಾರೆ. ದಿನವೂ ಹತ್ತಾರು ತೂತು ಮಾಡುವವರಿಗೆ ಅದು ಸರಿ. ನಮಗೆ ಬೇಕಾಗಿದ್ದು ಒಂದೇ ಒಂದು. ಚಿಕ್ಕಪ್ಪನ ಡ್ರಿಲ್ಲೂ ಕೆಟ್ಟದ್ದಲ್ಲ. ಸುರುಳಿ ಬಿಟ್ಟು ಹಾಕಿ, ನಿಧಾನಕ್ಕೆ ಓಡಿಸಿ, ಎರಡೂ ಕಡೆಯಿಂದ ಕೊರೆದಿದ್ದರೆ ಬೈರಿಗೆಯ ಕೆಲಸ ಬೇಗ ಮುಗಿಯುತ್ತಿತ್ತು ಅಂತ ಅಜ್ಜನೇ ಹೇಳಿದರು.

ಗೆರೆ ದಾಟಿದ ಜಾಗಕ್ಕೆ ಅಜ್ಜ ಮತ್ತಿಯದೇ ಚಕ್ಕೆ ಕೂರಿಸಿದರು. ಕೊಟ್ಟಿಗೆಗೆ ಬಂದರೆ ಅದು ಈಗಲೂ ಕಾಣುತ್ತದೆ. ಉಳಿಗಳಿಗೆ ಎಣ್ಣೆ ಸವರಿ ಚೀಲ ಕಟ್ಟಿ ಅಟ್ಟಕ್ಕೆ ಇಟ್ಟದ್ದು ಅಪ್ಪ.

ಐದೂ ಉಳಿಗಳ ಚಿತ್ರ ಕೆಳಗೆ ಬರೆದಿದ್ದೇನೆ. ಬೈರಿಗೆಯ ಸುರುಳಿ ಬರೆಯಲು ಮೂರು ಸಲ ಅಳಿಸಿದರೂ ಬರಲಿಲ್ಲ. ಅದನ್ನು ನೋಡಬೇಕೆಂದವರು ಭಾನುವಾರ ನಮ್ಮ ಮನೆಗೆ ಬನ್ನಿ.

– ಏಳನೇ ತರಗತಿ