ಮೊದಲು ಕೈಯಿಂದ ಹಾಕುವ ದುಡ್ಡು

ಪೋಸ್ಟರ್ ಆಯ್ಕೆಯಾಗಿದೆ ಎಂಬ ಮೇಲ್ ಬಂದ ಸಂಜೆ, ಅಮ್ಮ ಜಗಲಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಮ್ಮೇಳನದಲ್ಲಿ ನಾನು ಹೇಳಬೇಕಿದ್ದುದು ಅವಳಂಥವರ ಕಥೆಯನ್ನೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಮನೆಗೆ ಹೋಗಿ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ ನೋವು, ಹೊಗೆಸೊಪ್ಪಿನ ಪುಡಿಯಿಂದ ಬರುವ ಕೆಮ್ಮು ಎಲ್ಲ ಬರೆದುಕೊಂಡು ಬಂದಿದ್ದೆ.

"ಎಷ್ಟಾಗ್ತದೆ?" ಎಂದಳು ಅಮ್ಮ.

"ಕಾಲೇಜು ಕೊಡ್ತದೆ" ಎಂದೆ. ಕೊಡುತ್ತದೆ ನಿಜ, ಆದರೆ ಹೋಗಿ ಬಂದ ಮೇಲೆ. ಅದನ್ನು ನಾನು ವಿಚಾರಿಸಿರಲಿಲ್ಲ. ವಿಚಾರಿಸುವಷ್ಟರಲ್ಲಿ ನೋಂದಣಿಯ ಮೊದಲ ಗಡುವು ದಾಟಿತ್ತು. ವಿದ್ಯಾರ್ಥಿಗಳಿಗೆ 3,000 ಇದ್ದ ಶುಲ್ಕ 4,000 ಆಗಿತ್ತು. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 4,720. ತಡ ಮಾಡಿದ್ದಕ್ಕೇ 1,180 ರೂಪಾಯಿ ಹೋಯಿತು. ಪೋಸ್ಟರ್ ಮುದ್ರಣಕ್ಕೆ 650, ಗೆಳತಿಯೊಂದಿಗೆ ಹಂಚಿಕೊಂಡ ಲಾಡ್ಜ್ ಕೋಣೆಗೆ ನನ್ನ ಪಾಲು 1,400, ಊಟ, ಆಟೋ ಅಂತ 900. ಬಿ.ಸಿ.ರೋಡಿನಿಂದ ಶಿರಾಡಿ ಘಾಟಿ ಹತ್ತಿದ ಕೆಂಪು ಬಸ್ಸಿಗೆ ಮಾತ್ರ ಖರ್ಚಿಲ್ಲ. 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ನನ್ನನ್ನು ಕಾಪಾಡಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಕಡೆ ಅದರ ಬೆಲೆ ನನಗೆ ಅಷ್ಟಾಗಿ ತಿಳಿದಿರಲಿಲ್ಲ.

ಒಟ್ಟು 7,670. ಅಮ್ಮ ಸ್ವಸಹಾಯ ಸಂಘದಲ್ಲಿ ಎಂಟು ಸಾವಿರ ಸಾಲ ತೆಗೆದಳು. ಕಾಲೇಜಿನಿಂದ 5,000 ಬಂದದ್ದು ಮೂರು ತಿಂಗಳ ನಂತರ. ಲಾಡ್ಜಿನವರು ಕೊಟ್ಟ ಕೈಬರಹದ ಚೀಟಿಯನ್ನು ಕಚೇರಿಯಲ್ಲಿ ಒಪ್ಪಲಿಲ್ಲ. ಅಷ್ಟು ವಾರವೂ ಅಮ್ಮ ಕಂತು ಕಟ್ಟಿದಳು.

ಸಮ್ಮೇಳನದಲ್ಲಿ ಹಿರಿಯ ವೈದ್ಯೆಯೊಬ್ಬರು ನನ್ನ ಪೋಸ್ಟರಿನ ಮುಂದೆ ತುಂಬ ಹೊತ್ತು ನಿಂತರು. "ಇಷ್ಟು ನೋವಿದ್ದೂ ಇವರು ಯಾಕೆ ಬಿಡುವುದಿಲ್ಲ?" ಎಂದು ಕೇಳಿದರು. ಬೀಡಿ ಬ್ರಾಂಚಿನಲ್ಲಿ ಸಾವಿರಕ್ಕೆ ಇಷ್ಟು ಎಂದು ಲೆಕ್ಕ, ಕೈ ನಿಂತರೆ ಮಜೂರಿಯೂ ನಿಲ್ಲುತ್ತದೆ, ಸಂಘದ ಕಂತು ನಿಲ್ಲುವುದಿಲ್ಲ ಎಂದೆ. ಅವರು ಡೈರಿ ತೆಗೆದು ಬರೆದುಕೊಂಡರು. ಆ ಹತ್ತು ನಿಮಿಷಕ್ಕಾಗಿ ನಾನು ಇನ್ನೊಮ್ಮೆಯೂ ಹೋಗುತ್ತೇನೆ. ಆದರೆ ಸಾಲ ಮಾಡಿ ಅಲ್ಲ.

ಇಂಥ ಸಮ್ಮೇಳನಕ್ಕೆ ಹೋಗುವ ಮಕ್ಕಳೇ, ಪ್ರಬಂಧ ಕಳಿಸುವ ದಿನವೇ ಕಾಲೇಜಿಗೆ ಮುಂಗಡಕ್ಕೆ ಅರ್ಜಿ ಕೊಡಿ. ಮುಂಗಡ ಇಲ್ಲದಿದ್ದರೆ ಸಮ್ಮೇಳನದವರಿಗೇ ಬರೆದು ಶುಲ್ಕ ರಿಯಾಯಿತಿ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಕೋಣೆ ಹಿಡಿಯುವ ಮೊದಲೇ ಮುದ್ರಿತ ಬಿಲ್ ಸಿಗುತ್ತದೆಯೇ ಎಂದು ವಿಚಾರಿಸಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು, ತರಗತಿಗೆ ತಕ್ಕಂತೆ ವರ್ಷಕ್ಕೆ 1,000ದಿಂದ 25,000 ರೂಪಾಯಿವರೆಗೆ. ಅರ್ಜಿ ಹಾಕಬೇಕಾದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಅಮ್ಮನ ಬೀಡಿ ಕಾರ್ಡು ಕಪಾಟಿನಲ್ಲೇ ಇತ್ತು, ನಾನು ಒಂದು ವರ್ಷವೂ ಹಾಕಿರಲಿಲ್ಲ.

ಈಗ ನನಗೆ ಸಂಬಳ ಬರುತ್ತದೆ. ಮೂಡುಬಿದಿರೆಯಲ್ಲಿ ಓದುತ್ತಿರುವ ತಂಗಿಯ ಪೋಸ್ಟರ್ ಮೊನ್ನೆ ಆಯ್ಕೆಯಾಯಿತು. ಗಡುವಿಗೆ ಇನ್ನೂ ಹನ್ನೆರಡು ದಿನ ಇತ್ತು. ರಾತ್ರಿಯೇ ಶುಲ್ಕ ಕಟ್ಟಿ, ರಸೀದಿಯನ್ನು ಅವಳಿಗೂ ಅಮ್ಮನಿಗೂ ಕಳಿಸಿದೆ.