ಕಡಲತೀರದಲ್ಲಿ ಕ್ಯಾಮೆರಾ: ಒಣಗಿದರೆ ಸಾಲದು

ಹೋದ ರಜೆಯಲ್ಲಿ ನಾವು ನಾಲ್ಕು ಜನ ಮಲ್ಪೆಗೆ ಹೋಗಿದ್ವಿ. ಕೈಯಲ್ಲಿದ್ದದ್ದು ಸೀನಿಯರ್ ಒಬ್ಬರು ನಂಬಿ ಕೊಟ್ಟ ಡಿಎಸ್‌ಎಲ್‌ಆರ್. ಒಂದು ಅಲೆಯೂ ಅದಕ್ಕೆ ತಾಗದ ಹಾಗೆ ನೋಡಿಕೊಂಡ್ವಿ. ಸಂಜೆ ಟೀ-ಶರ್ಟ್‌ನಲ್ಲೇ ಲೆನ್ಸ್ ಒರೆಸಿ ಬ್ಯಾಗಿಗೆ ಹಾಕಿದ್ವಿ. ಎರಡು ವಾರ ಬಿಟ್ಟು ತೆಗೆದರೆ ಗಾಜಿನ ಮೇಲೆ ಗೀರು, ಜೂಮ್ ರಿಂಗ್ ತಿರುಗಿಸಿದರೆ ಕರಕರ ಸದ್ದು, ಸ್ಕ್ರೂಗಳಲ್ಲಿ ತುಕ್ಕು!

ನೀರೇ ಬೀಳದೆ ಇದು ಹೇಗಾಯ್ತು?

ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬರುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹನಿ ಆರಿದರೂ ಉಪ್ಪು ಕ್ಯಾಮೆರಾ ಮೇಲೇ ಉಳಿಯುತ್ತೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದವರಿಗೆ ಇದು ಹೊಸದಲ್ಲ. ಈ ಉಪ್ಪುನೀರು ಒಳ್ಳೆಯ ಎಲೆಕ್ಟ್ರೋಲೈಟ್. ಕಬ್ಬಿಣದ ತುಕ್ಕನ್ನು ಬೇಗ ಹಿಡಿಸುತ್ತೆ. ಎರಡು ಬೇರೆ ಲೋಹ ಸೇರುವ ಕಡೆ ನಿಂತರೆ, ಫಸ್ಟ್ ಇಯರ್ ಕೆಮಿಸ್ಟ್ರಿಯ ಗ್ಯಾಲ್ವಾನಿಕ್ ಸೆಲ್ ರೆಡಿ!

ಅಂದರೆ ಕ್ಯಾಮೆರಾ ಒಣಗಿದರೆ ಸಾಲದು, ಉಪ್ಪು ಹೋಗಬೇಕು. ಅದಕ್ಕೆ ನಾವು ಈಗ ಮಾಡೋದು ಇಷ್ಟು:

1. ಹೋಗುವ ಮೊದಲು: ಲೆನ್ಸ್‌ಗೆ ಯುವಿ ಫಿಲ್ಟರ್ ಹಾಕಿ. ಗೀರು ಬಿದ್ದರೆ ಫಿಲ್ಟರ್‌ಗೆ ಬೀಳಲಿ. ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಹಾಕಿ, ಲೆನ್ಸ್ ಹೊರಬರಲು ತೂತು ಮಾಡಿ, ರಬ್ಬರ್ ಬ್ಯಾಂಡ್ ಬಿಗಿದರೆ ಸಾಕು.

2. ತೀರದಲ್ಲಿ: ಲೆನ್ಸ್ ಬದಲಾಯಿಸಬೇಡಿ. ಬ್ಯಾಗನ್ನು ಮರಳಿನ ಮೇಲೆ ಇಡಬೇಡಿ. ಎಸಿ ರೂಮಿನಿಂದ ಬಂದಿದ್ದರೆ ಅರ್ಧ ಗಂಟೆ ಬ್ಯಾಗ್ ತೆರೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತೆ.

3. ವಾಪಸ್ ಬಂದ ಮೇಲೆ, ಅದೇ ರಾತ್ರಿ: ಮೊದಲು ಬ್ಲೋವರ್‌ನಿಂದ ಮರಳು ಹಾರಿಸಿ. ನೇರವಾಗಿ ಒರೆಸಿದರೆ ಮರಳು ಉಪ್ಪುಕಾಗದದ ಕೆಲಸ ಮಾಡುತ್ತೆ, ನಮ್ಮ ಲೆನ್ಸ್‌ಗೆ ಆದದ್ದು ಅದೇ. ಆಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ, ಕೊನೆಗೆ ಒಣ ಬಟ್ಟೆ. ಟ್ರೈಪಾಡ್ ಕಾಲುಗಳನ್ನು ನಲ್ಲಿ ನೀರಿನಲ್ಲೇ ತೊಳೆಯಿರಿ.

4. ನೀರಿಗೆ ಬಿದ್ದರೆ: ತಕ್ಷಣ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಕೆಲಸ ಮಾಡುತ್ತಾ ಅಂತ ಆನ್ ಮಾಡಿ ನೋಡಬೇಡಿ. ಅಕ್ಕಿ ಡಬ್ಬದಲ್ಲಿ ಇಟ್ಟರೆ ಉಪ್ಪು ಹೋಗಲ್ಲ. ಬೇಗ ರಿಪೇರಿಯವರ ಹತ್ತಿರ ಒಯ್ಯಿರಿ.

ಸೀನಿಯರ್‌ಗೆ ನಡೆದದ್ದೆಲ್ಲ ಹೇಳಿದ್ವಿ, ರಿಪೇರಿ ಖರ್ಚನ್ನು ನಾಲ್ಕು ಪಾಲು ಮಾಡಿಕೊಂಡ್ವಿ. ಅವರು ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು. ಸಾಲ ತಂದ ಕ್ಯಾಮೆರಾ ಆದರೆ, ಸುಸ್ತಾಗಿದ್ದರೂ ಮಲಗುವ ಮೊದಲು ಆ ಹತ್ತು ನಿಮಿಷ ಕೊಡಿ.