ಬಾಟಲಿಗೆ ಹೊಂದಿಸಿದ ಗಾಡಿ

ಆದಂಬಾಕ್ಕಂನ ನಮ್ಮ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಎರಡು ಡ್ರಿಪ್ ಸೆಟ್ ಕೇಳಿದೆ. ಅಂಗಡಿಯವರು ಮುಖ ಸಣ್ಣಗೆ ಮಾಡಿಕೊಂಡು 'ಯಾರುಕ್ಕು ಸಾರ್?' ಅಂದರು. 'ವಂಡಿಕ್ಕು' ಅಂದೆ. ಗಾಡಿಗೆ ಗ್ಲೂಕೋಸ್ ಏರಿಸುವವನನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಚಿಲ್ಲರೆ ಎಣಿಸಿ ಕೊಡುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದರು.

ಗಾಡಿ ಅಂದರೆ ರಾಜದೂತ್ 350. ಯಮಹಾ ಆರ್‌ಡಿ 350ಯನ್ನು ಎಸ್ಕಾರ್ಟ್ಸ್‌ನವರು 1983ರಿಂದ ಕೆಲವು ವರ್ಷ ಇಲ್ಲಿ ತಯಾರಿಸಿ ಮಾರಿದರಲ್ಲ, ಅದು. 347 ಸಿಸಿ, ಎರಡು ಸಿಲಿಂಡರ್, ಎರಡು ಸೈಲೆನ್ಸರ್, ಎರಡು ಮಿಕುನಿ ಕಾರ್ಬುರೇಟರ್. ಮೈಸೂರಿನಲ್ಲಿ ಅಪ್ಪನ ಯೆಜ್ಡಿಯ ಹಿಂದೆ ಕೂತು ಬೆಳೆದ ನನಗೆ ಒಂದು ಕಾರ್ಬುರೇಟರಿನ ಸಂಸಾರ ಗೊತ್ತಿತ್ತು, ಎರಡರದ್ದು ಗೊತ್ತಿರಲಿಲ್ಲ. ಎರಡರ ಸ್ಲೈಡೂ ಒಂದೇ ಗಳಿಗೆಗೆ ಏಳಬೇಕು, ಒಂದೇ ಎತ್ತರಕ್ಕೆ ಏಳಬೇಕು. ಒಂದು ಕೂದಲೆಳೆಯಷ್ಟು ಮುಂದಾದರೂ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದು ಅದರ ಮೇಲೆ ಸವಾರಿ ಮಾಡುತ್ತದೆ.

ಚೆನ್ನೈನ ಉಪ್ಪು ಗಾಳಿಗೆ ಟ್ಯಾಂಕಿನ ಒಳಮೈ ತುಕ್ಕು ಹಿಡಿದು, ಚೂರುಗಳು ಜೆಟ್‌ಗೆ ಬಂದು ಕೂರುತ್ತಿದ್ದವು. ಟ್ಯಾಂಕನ್ನು ತುಕ್ಕು ತೆಗೆಸಲು, ಬಣ್ಣಕ್ಕೆ ಅಂತ ಕೊಟ್ಟಿದ್ದೆ. ಎರಡು ವಾರ ಅಂದಿದ್ದರು. ಟ್ಯಾಂಕ್ ಎತ್ತಿದ ಮೇಲೆ ಆಕ್ಸಿಲರೇಟರ್ ಕೇಬಲ್ ಎರಡು ಕಾರ್ಬುರೇಟರಿಗೆ ಕವಲೊಡೆಯುವ ಜಾಗವೆಲ್ಲ ಬಯಲಾಗಿ, ಕೈಗೆ ಸಿಗುವ ಹಾಗೆ ಕಣ್ಣೆದುರಿತ್ತು. ಟ್ಯೂನಿಂಗ್ ಈಗಲೇ ಮುಗಿಸಿಬಿಡೋಣ ಅನ್ನಿಸಿತು. ಕಾಯಬಹುದಿತ್ತು. ಕಾಯಲಿಲ್ಲ.

ಒಂದು ಲೀಟರಿನ ಎಂಜಿನ್ ಆಯಿಲ್ ಡಬ್ಬಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ತಳಕ್ಕೆ ತೂತು ಕೊರೆದು, ಹಳೇ ಹಿತ್ತಾಳೆ ನಿಪ್ಪಲ್ ಕೂರಿಸಿ ಎಂ-ಸೀಲ್ ಮೆತ್ತಿದೆ. ಅದಕ್ಕೆ ಡ್ರಿಪ್ ಸೆಟ್ಟಿನ ಪೈಪು, ಮಧ್ಯೆ ಒಂದು ಟಿ ಜಾಯಿಂಟ್, ಅಲ್ಲಿಂದ ಎರಡು ಕವಲು. ಟ್ಯಾಂಕಿನಿಂದ ಇಳಿಸಿಟ್ಟಿದ್ದ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ ತುಂಬಿದೆ. ಆಸ್ಪತ್ರೆಯಲ್ಲಿ ಮಾಡುವ ಹಾಗೇ, ಎತ್ತರದಲ್ಲಿ, ಅಪಾರ್ಟ್‌ಮೆಂಟಿನ ಹಿಂಬದಿಯ ಕಿಟಕಿ ಗ್ರಿಲ್ಲಿಗೆ ತೂಗುಹಾಕಿದೆ. ಕಾರ್ಬುರೇಟರಿನಿಂದ ನಾಲ್ಕು ಅಡಿ ಮೇಲೆ.

ಎರಡು ನಿಮಿಷ ಆಗಿರಲಿಲ್ಲ, ಬಲಗಡೆಯ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯತೊಡಗಿತು. ಫ್ಲೋಟ್ ಬೌಲಿನ ಬಾಗಿಲು ಕಾಯುವುದು ಪುಟ್ಟ ಸೂಜಿಯಂಥ ನೀಡಲ್. ಟ್ಯಾಂಕಿನ ಎತ್ತರದಿಂದ ಬರುವ ಒತ್ತಡವನ್ನು ತಡೆಯುವುದು ಅದಕ್ಕೆ ಅಭ್ಯಾಸ. ನಾಲ್ಕು ಅಡಿ ಮೇಲಿಂದ ಬಂದರೆ, ಅದೂ ಸವೆದ ನೀಡಲ್ ಆದರೆ, ಸೋಲುತ್ತದೆ. ನೆಲಕ್ಕೆ ಬಿದ್ದ ಪೆಟ್ರೋಲ್ ಇಳಿಜಾರು ಹಿಡಿದು ಬೋರ್‌ವೆಲ್ ಮೋಟರಿನ ಕಡೆಗೆ ಹರಿಯಿತು. ಅದೇ ಹೊತ್ತಿಗೆ ವಾಚ್‌ಮನ್ ಮೋಟರಿನ ಸ್ಟಾರ್ಟರ್ ಬಾಕ್ಸಿನತ್ತ ನಡೆದುಕೊಂಡು ಬರುತ್ತಿದ್ದ. ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವ ವಸ್ತು ಪೆಟ್ರೋಲ್. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ತೆವಳುತ್ತದೆ. ಇವತ್ತು ಶಾಂತವಾಗಿ ಬರೆಯುತ್ತಿದ್ದೇನೆ. ಅವತ್ತು ಕೂಗಿದ ಕೂಗಿಗೆ ಮೂರನೇ ಮಹಡಿಯಲ್ಲಿ ವಡಾಂ ಒಣಹಾಕುತ್ತಿದ್ದ ಮಾಮಿ ಬಗ್ಗಿ ನೋಡಿದರು. ವಾಚ್‌ಮನ್ ಕೈ ಸ್ವಿಚ್ಚಿನಿಂದ ಒಂದು ಮೊಳ ದೂರ ನಿಂತಿತು. ಮರಳು ಸುರಿದು, ಗುಡಿಸಿ, ಒಂದು ಗಂಟೆ ಸುಮ್ಮನೆ ಕೂತೆ.

ನಿಜವಾದ ತಪ್ಪು ಮಾಡಿದ್ದು ಆಮೇಲೆ, ಹೆದರಿಕೆಯಲ್ಲಿ. ಗಾಡಿಯನ್ನು ಮೋಟರಿನಿಂದ ದೂರ, ಬಯಲಿಗೆ ತಳ್ಳಿಕೊಂಡು ಹೋದೆ. ಡಬ್ಬಿಯನ್ನು ಕಾರ್ಬುರೇಟರಿನಿಂದ ಒಂದಡಿ ಮೇಲಕ್ಕೆ ಇಳಿಸಿದೆ. ಎರಡೂ ಸರಿ. ಜೊತೆಗೆ, ಮತ್ತೆ ಚೆಲ್ಲಬಾರದು, ಆವಿ ಹೊರಗೆ ಬರಬಾರದು ಅಂತ ಅಲ್ಲಿಯವರೆಗೆ ಸಡಿಲವಾಗಿಯೇ ಇದ್ದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ.

ಎರಡನೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಏರ್ ಫಿಲ್ಟರ್ ಪೈಪು ಮೊದಲೇ ಬಿಚ್ಚಿ, ಕಾರ್ಬುರೇಟರಿನ ಬಾಯಿಗೆ ಒಂದೊಂದು ಬೆರಳಿಟ್ಟು ಸ್ಲೈಡುಗಳು ಒಟ್ಟಿಗೆ ಏಳುತ್ತವೋ ಎಂದು ನೋಡಿಕೊಂಡಿದ್ದೆ. ಈಗ ಎರಡು ಸೈಲೆನ್ಸರ್ ತುದಿಗೂ ಅಂಗೈ ಹಿಡಿದೆ. ಎರಡೂ ಕಡೆ ಹೊಡೆತ ಸಮ. ಖುಷಿಯಾಯಿತು. ನಾಲ್ಕೈದು ನಿಮಿಷ ಕಳೆದಿರಬೇಕು, ಐಡ್ಲಿಂಗ್ ತಾನಾಗಿ ಏರತೊಡಗಿತು. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆದಾಗ ಟೂ-ಸ್ಟ್ರೋಕ್ ಎಂಜಿನ್ ಹಾಗೆಯೇ ಓಡುತ್ತದೆ, ಸಾಯುವ ಮುಂಚೆ ಜೀವ ಬಂದ ಹಾಗೆ. ಅಷ್ಟು ಗೊತ್ತಿದ್ದದ್ದೇ ಮುಳುವಾಯಿತು. ಕಾರ್ಬುರೇಟರ್ ಗಾಳಿ ಜಾಸ್ತಿ ಎಳೆಯುತ್ತಿದೆ ಎಂದು ತೀರ್ಮಾನಿಸಿ ಎರಡೂ ಏರ್ ಸ್ಕ್ರೂಗಳನ್ನು ಕಾಲು ಸುತ್ತು ಒಳಗೆ ತಿರುಗಿಸಿದೆ. ಸ್ವಲ್ಪ ಹೊತ್ತು ಸರಿಹೋಯಿತು. ಮತ್ತೆ ಏರಿತು. ಇನ್ನೂ ಕಾಲು ಸುತ್ತು. ಹೀಗೆ ಅರ್ಧ ಗಂಟೆ, ಬಹಳ ಶ್ರದ್ಧೆಯಿಂದ.

ಡ್ರಿಪ್ ಪೈಪು ಪಾರದರ್ಶಕ. ಅದರೊಳಗೆ ಸಾಸಿವೆ ಕಾಳಿನಷ್ಟು ಒಂದು ಗಾಳಿಗುಳ್ಳೆ, ಬಲಗಡೆಯ ಕವಲು ಮೇಲಕ್ಕೆ ಬಾಗಿದ್ದ ಕಡೆ ಕೂತು ಅತ್ತಿತ್ತ ಆಡುತ್ತಿತ್ತು. ಡಬ್ಬಿಯ ಎರಡು ಕೆನ್ನೆಗಳೂ ಒಳಕ್ಕೆ ಎಳೆದುಕೊಂಡಿದ್ದವು, ಹಲ್ಲಿಲ್ಲದ ಮುದುಕರ ಹಾಗೆ. ಎರಡನ್ನೂ ಕಣ್ಣಾರೆ ನೋಡಿದೆ, ನೋಡಿ ಸ್ಕ್ರೂಡ್ರೈವರ್ ತಿರುಗಿಸಿದೆ.

ಟ್ಯಾಂಕ್ ಹೊಸ ಬಣ್ಣ ಹೊತ್ತು ಬಂತು. ಕೂರಿಸಿಕೊಂಡು ಹೊರಟರೆ ಗಿಂಡಿ ಸಿಗ್ನಲ್ಲಿನಲ್ಲಿ ಗಾಡಿ ಬೊಗ್ ಅಂತ ನಿಂತಿತು. ಹಿಂದಿನ ಆಟೋದವರಿಗೆ ಹೊಗೆಯಲ್ಲಿ ನಾನು ಕಾಣಿಸಿರಲಿಕ್ಕಿಲ್ಲ; ಹಾರ್ನ್ ಮಾತ್ರ ಕೇಳಿಸುತ್ತಿತ್ತು. ಪ್ಲಗ್ ಬಿಚ್ಚಿದರೆ ಕಾಡಿಗೆಯಂತೆ ಕಪ್ಪು, ಒದ್ದೆ. ಒರೆಸಿ, ಹಾಕಿ, ರೇಸ್ ಮಾಡುತ್ತಲೇ ಪುದುಪ್ಪೇಟೆಗೆ ಹೋದೆ. ಕೂವಂ ನದಿಯ ಪಕ್ಕದ ಆ ಗಲ್ಲಿಗಳಲ್ಲಿ ಬಿಚ್ಚಿದ ವಾಹನಗಳ ಕೈಕಾಲು ಕರುಳೆಲ್ಲ ರಾಶಿ ಬಿದ್ದಿರುತ್ತವೆ. ಅಲ್ಲೊಬ್ಬರು ಹಿರಿಯ ಮೆಕ್ಯಾನಿಕ್. ಶೋಲಾವರಂನ ಹಳೇ ರನ್‌ವೇಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಿಂದ ಆರ್‌ಡಿ ಬಿಚ್ಚಿದವರು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂದ ಮೇಲೂ ಅವರ ಮಾತೆಲ್ಲ ಶೋಲಾವರಂದೇ.

ಅವರು ಕಾರ್ಬುರೇಟರ್ ಮುಟ್ಟಲೇ ಇಲ್ಲ. 'ಟ್ಯೂನ್ ಮಾಡುವಾಗ ಟ್ಯಾಂಕ್ ಎಲ್ಲಿತ್ತು?' ಅಂತ ಕೇಳಿದರು. ಡ್ರಿಪ್ ಸೆಟ್ಟಿನ ಕಥೆ ಹೇಳಿದೆ. 'ಮೂಡಿ ಟೈಟಾ?' ಅಂದರು. ಮುಚ್ಚಳ ಬಿಗಿ ಇತ್ತಾ ಅಂತ. ಹೌದಣ್ಣಾ ಅಂದೆ. 'ಕಾತ್ತು ಪೋಗಣುಂ ಸಾರ್,' ಗಾಳಿ ಒಳಗೆ ಹೋಗಬೇಕು ಅಂದವರು ನನ್ನ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆದು, ಅದರ ಉಸಿರುತೂತಿಗೆ ಬಾಯಿಟ್ಟು ಊದಿ ತೋರಿಸಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಡಬ್ಬಿ ಒಂದಡಿ ಎತ್ತರದಲ್ಲಿದ್ದರೆ ಪೆಟ್ರೋಲನ್ನು ಕೆಳಕ್ಕೆ ತಳ್ಳುವ ಒತ್ತಡ ಬಹಳ ಕಡಿಮೆ, ವಾತಾವರಣದ ಒತ್ತಡದ ನೂರರಲ್ಲಿ ಎರಡು ಪಾಲಿನಷ್ಟು. ಒಳಗೆ ಅರ್ಧ ಲೀಟರ್ ಗಾಳಿ ಇದೆ ಅಂದುಕೊಳ್ಳಿ; ಮುಚ್ಚಳ ಬಿಗಿಯಿದ್ದು ಡಬ್ಬಿ ಗಟ್ಟಿಯಾಗಿದ್ದರೆ ಸುಮಾರು ಹತ್ತು ಮಿಲಿಲೀಟರ್, ಅಂದರೆ ಎರಡು ಚಮಚ ಇಳಿಯುವಷ್ಟರಲ್ಲಿ ಒಳಗಿನ ಗಾಳಿ ತೆಳುವಾಗಿ ಹರಿವು ನಿಂತುಹೋಗುತ್ತದೆ. ನನ್ನ ಡಬ್ಬಿ ಕೆನ್ನೆ ಒಳಗೆಳೆದುಕೊಂಡು ಇನ್ನೊಂದಷ್ಟು ಕೊಟ್ಟಿತು, ಅಷ್ಟೇ. ಆಮೇಲೆ ಎಂಜಿನ್ ಬೌಲಿನಲ್ಲಿದ್ದದ್ದನ್ನು ಕುಡಿದು ಬಡಕಲಾಗುತ್ತಿತ್ತು. ನಾನು ಕಾರ್ಬುರೇಟರ್‌ಗಳನ್ನು ಹೊಂದಿಸಿದ್ದು ಗಾಡಿಗಲ್ಲ, ಆ ಡಬ್ಬಿಗೆ.

ಡ್ರಿಪ್ ಪೈಪಿನ ಕಥೆ ಬೇರೆ. ಪೆಟ್ರೋಲಿನಲ್ಲಿ ಮೊದಲು ಮೆತ್ತಗಾಗಿ ಉಬ್ಬಿ ನಿಪ್ಪಲ್ಲಿನಿಂದ ಜಾರಿತು. ಎರಡು ದಿನ ಒಣಗಿದ ಮೇಲೆ ಬಳೆಯಂತೆ ಗಟ್ಟಿ. ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ಎಣ್ಣೆಯಂಶವನ್ನೇ ಪೆಟ್ರೋಲ್ ತೊಳೆದುಕೊಂಡು ಹೋಗಿತ್ತು. ಆ ಎಣ್ಣೆಯಂಶ ಹೋಗಿದ್ದೆಲ್ಲಿಗೆ? ನನ್ನ ಕಾರ್ಬುರೇಟರಿನೊಳಗೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ, ಶೇ. 20ರ ಮಿಶ್ರಣ 2023ರ ಫೆಬ್ರವರಿಯಿಂದ ಬಂಕುಗಳಿಗೆ ಬರತೊಡಗಿತು. ಅದು ನೀರು ಹೀರುತ್ತದೆ, ಹಳೇ ರಬ್ಬರಿಗೂ ಆಗಿಬರುವುದಿಲ್ಲ. ಬಂಕಿನವರು ಪ್ಲಾಸ್ಟಿಕ್ ಬಾಟಲಿ ಕಂಡರೆ ಕೈ ಆಡಿಸಿ ಕಳಿಸುತ್ತಾರೆ. ಹಿಂದೆ ಬೈದುಕೊಳ್ಳುತ್ತಿದ್ದೆ, ಬೋರ್‌ವೆಲ್ ಮೋಟರಿನ ದಿನದಿಂದ ಬೈಯುವುದು ಬಿಟ್ಟೆ.

ಮೆಕ್ಯಾನಿಕ್ ಅಣ್ಣ ರಾಶಿಯಿಂದ ಹಳೇ ಚಿಕ್ಕ ಜನರೇಟರಿನ ಕಬ್ಬಿಣದ ಟ್ಯಾಂಕ್ ಹೆಕ್ಕಿ ಕೊಟ್ಟರು. ಮುಚ್ಚಳದಲ್ಲಿ ತೂತಿದೆ, ಕೆಳಗೆ ಪೆಟ್ರೋಲ್ ಕಾಕ್ ಇದೆ. ಅದಕ್ಕೆ ಸರಿಯಾದ ಪೆಟ್ರೋಲ್ ಪೈಪು, ಕ್ಲಿಪ್ಪು, ಒಂದು ಫಿಲ್ಟರ್. ಗಾಡಿಯ ಟ್ಯಾಂಕಿನ ತಳದಿಂದ ಕಾರ್ಬುರೇಟರಿಗೆ ಎಷ್ಟು ಎತ್ತರ ಅಂತ ಅಳೆದೆ, ಒಂದು ಗೇಣು ಚಿಲ್ಲರೆ. ಅಲ್ಯುಮಿನಿಯಂ ಏಣಿಗೆ ಅಷ್ಟೇ ಎತ್ತರದಲ್ಲಿ ಕಟ್ಟಿದೆ. ಎರಡು ಕವಲೂ ಒಂದೇ ಉದ್ದ, ಎಲ್ಲೂ ಮೇಲಕ್ಕೆ ಬಾಗದೆ ಇಳಿಜಾರಾಗಿಯೇ. ಏರ್ ಸ್ಕ್ರೂ ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಟ್ಯಾಂಕ್ ಹಾಕಿದ ಮೇಲೆ ಏನನ್ನೂ ಮುಟ್ಟಬೇಕಾಗಲಿಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೆಚ್ಚುಕಡಿಮೆ ಕಾಣೆಯಾಗಿದೆ. ಅಣ್ಣನ ಹತ್ತಿರ ಕೆಲಸ ಕಲಿಯುವ ಹುಡುಗ ಲ್ಯಾಪ್‌ಟಾಪ್ ಜೋಡಿಸುತ್ತಾನೆ. ಸ್ಲೈಡ್ ಕೈಗೆ ಕೊಟ್ಟರೆ ಹಿಂದುಮುಂದು ನೋಡುತ್ತಾನೆ.

ಫೋನಿನಲ್ಲಿ ಅಪ್ಪನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಆ ಟ್ಯಾಂಕ್ ಚೆನ್ನಾಗಿ ಒಣಗಿಸಿ ಬರುವಾಗ ತಗೊಂಡು ಬಾರಪ್ಪ, ಯೆಜ್ಡಿಗೂ ಬೇಕು' ಅಂದರು. ಫೋನ್ ಇಡುವ ಮೊದಲು ಮತ್ತೆ ಕರೆದರು. 'ನಿನ್ನ ಗಾಡಿಗೆ ಆಯಿಲ್ ಬೇರೆ ಡಬ್ಬಿಯಿಂದ ಬರುತ್ತೆ, ಇದಕ್ಕೆ ಹಾಗಲ್ಲ. ಪೆಟ್ರೋಲಿಗೇ 2ಟಿ ಬೆರೆಸಬೇಕು. ಅದನ್ನ ಮರೆತು ಪಿಸ್ಟನ್ ಹಿಡಿಸಿಬಿಟ್ಟೀಯ.'